ವಿಮ್ ಗೋತ್ರದ ವರ, ಈಮ್ಯಾಕ್ಸ್ ಗೋತ್ರದ ವಧು

ಗೊತ್ತಾಗಬೇಕಾದ ಮದುವೆ ತಪ್ಪಿಹೋಗುವುದಕ್ಕೆ ಲೋಕದಲ್ಲಿ ಬೇಕಾದಷ್ಟು ಮರ್ಯಾದಸ್ಥ ಕಾರಣಗಳಿವೆ. ಜಾತಕ, ಗೋತ್ರ, ಹುಡುಗನ ಅಕ್ಕನ ಬಾಯಿ, ಕಾಫಿಗೆ ಸಕ್ಕರೆ ಸಾಲದೆ ಹೋದದ್ದು, ಇವಕ್ಕೆಲ್ಲ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕಂಪ್ಯೂಟರಿನಲ್ಲಿ ಅಕ್ಷರ ಒತ್ತುವ ತಂತ್ರಾಂಶದ ದೆಸೆಯಿಂದ ಸಂಬಂಧ ಕೆಡಬಹುದು ಎಂದು ಮಾತ್ರ ಯಾವ ಹಿರಿಯರೂ ಎಚ್ಚರಿಸಿರಲಿಲ್ಲ. ಆ ಅಪಾಯವನ್ನು ಕಣ್ಣಾರೆ ಕಂಡವನು ನಾನು. ಮದರಾಸಿನ ನಮ್ಮ ವೇಲಚೇರಿ ಫ್ಲ್ಯಾಟಿನ ಬಾಲ್ಕನಿ ಬಾಗಿಲು ಕಿರ್ರೆಂದರೆ ಈಗಲೂ ಕಾಫಿ ಬಿಟ್ಟು ಎದ್ದು ಓಡುತ್ತೇನೆ.

ಹುಡುಗ ಶ್ರೀವತ್ಸ, ಪೆರಂಬೂರಿನವನು. ತಂದೆ ರಾಮಮೂರ್ತಿಗಳು ರೈಲ್ವೆಯಿಂದ ನಿವೃತ್ತರಾದವರು. ನಮ್ಮ ಹಾಗೆಯೇ ಮೈಸೂರು ಕಡೆಯವರಾದರೂ ಮದರಾಸಿಗೆ ನಮಗಿಂತ ಹಳಬರು. ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ ಧಾರಾಳ. ನನ್ನ ಮಗಳು ಮೇಘನಾ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ಪೈಕಿ. ಬಂದ ಸಂಬಂಧಗಳನ್ನೆಲ್ಲ "ವೇಣಾಂ ಪಾ" ಎಂದು ತಳ್ಳಿಹಾಕುತ್ತಿದ್ದವಳು, ಈ ಹುಡುಗನೂ ತನ್ನಂತೆ ಕಂಪ್ಯೂಟರಿನಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಬಳಸುತ್ತಾನೆಂದು ಕೇಳಿ ಮೊದಲ ಸಲ "ಪಾಕ್ಕಲಾಂ", ಅಂದರೆ ನೋಡೋಣ, ಎಂದಳು. ಆ ಒಂದು ಮಾತಿಗೆ ನನ್ನ ಹೆಂಡತಿ ವನಜ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇಬ್ಬರೂ ಒಂದೇ ಊರಿನವರಾದಂತಾಯಿತು, ಇನ್ನೇನು ಬೇಕು ಎಂದು ನಾನೂ ಹಿಗ್ಗಿದೆ. ಆ ಊರಿನಲ್ಲಿ ಬೀದಿಗೊಂದು ಪಂಗಡವಿದೆ, ಒಂದು ಬೀದಿಯವರು ಇನ್ನೊಂದು ಬೀದಿಯಲ್ಲಿ ನೀರು ಕೂಡ ಮುಟ್ಟುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಪರದೆ ಹೇಗೆ ಕಾಣಬೇಕು ಎಂಬ ವಿಷಯಕ್ಕೆ ಗ್ನೋಮ್, ಕೆಡಿಇ ಎಂಬ ಎರಡು ದೊಡ್ಡ ಪಂಥ. ಬರೆಯುವುದಕ್ಕೆ ವಿಮ್, ಈಮ್ಯಾಕ್ಸ್ ಎಂಬ ಇನ್ನೆರಡು. ಯಾರು ಯಾವುದನ್ನು ಬೇಕಾದರೂ ಆರಿಸಿಕೊಳ್ಳುವ ಪೂರ್ಣ ಸ್ವಾತಂತ್ರ್ಯವಿದೆಯಂತೆ. ಎದುರಿನವರು ಆರಿಸಿಕೊಂಡದ್ದನ್ನು ಸಹಿಸದಿರುವುದೂ ಅದೇ ಸ್ವಾತಂತ್ರ್ಯದಲ್ಲಿ ಸೇರಿದೆ.

ಹೆಣ್ಣು ನೋಡಲು ಬಂದವರಿಗೆ ಕೇಸರಿಬಾತು, ಬೋಂಡ ಕೊಟ್ಟ ಮೇಲೆ ಶಾಸ್ತ್ರಕ್ಕೆಂದು ಇಬ್ಬರನ್ನೂ ಮಾತಾಡಿಕೊಳ್ಳಲು ಬಾಲ್ಕನಿಗೆ ಕಳಿಸಿದೆವು. ಒಳಗೆ ರಾಮಮೂರ್ತಿಗಳು, "ಗೋತ್ರ ಬೇರೆ ಬೇರೆ ಸಾರ್, ಪ್ರಾಬ್ಲಮೇ ಇಲ್ಲೆ" ಎಂದು ಎರಡನೇ ಬೋಂಡಕ್ಕೆ ಕೈ ಹಾಕುತ್ತಿದ್ದರು. ಅಷ್ಟರಲ್ಲಿ ಹೊರಗಿನ ದನಿ ಏರಿತು.

"ವಿಮ್ಮಾ? ಇನ್ನೂನಾ?" ಮಗಳು ಕೋಪದಲ್ಲಿ ಅಪರೂಪಕ್ಕೆ ಕನ್ನಡಕ್ಕಿಳಿದಿದ್ದಳು.

"ನಿಮ್ಮ ಈಮ್ಯಾಕ್ಸ್ ಓಪನ್ ಆಗೋಷ್ಟರಲ್ಲಿ ನಾನು ಕೆಲಸ ಮುಗಿಸಿ ಟೀ ಕುಡಿದು ಬಂದಿರ್ತೀನಿ."

"ಟೀ ಕುಡಿಯೋಕೆ ಮುಂಚೆ ಮೋಡ್ ಬದಲಾಯಿಸಿದ್ರಾ?"

ವಿಮ್‌ನಲ್ಲಿ ಒಂದಕ್ಷರ ಬರೆಯಬೇಕಾದರೂ ಮೊದಲು 'ಈಗ ಬರೆಯುತ್ತೇನೆ' ಎಂದು ಅದರ ಅಪ್ಪಣೆ ಪಡೆಯಬೇಕಂತೆ. ಆಗ ನನಗೆ ಅದು ಗೊತ್ತಿರಲಿಲ್ಲ. ಬೈಗುಳವೆಂದೇ ತಿಳಿದೆ.

"ಅದರ ಮೇಲೆ ಕೆಡಿಇ ಬೇರೆ!" ಮಗಳು ಬಿಡಲಿಲ್ಲ. "ಅದೇನು ಡೆಸ್ಕ್‌ಟಾಪಾ, ವಿಮಾನ ಓಡಿಸೋ ಜಾಗವಾ?"

"ಗ್ನೋಮ್‌ಗಿಂತ ವಾಸಿ. ಇದ್ದ ಬಟನ್ನೆಲ್ಲ ಬಚ್ಚಿಟ್ಟು, ನಿನಗೆ ಬೇಡವೇ ಬೇಡ ಪೋ ಅಂತ ನಮಗೇ ಬುದ್ಧಿ ಹೇಳುತ್ತೆ."

ರಾಮಮೂರ್ತಿಗಳ ಬೋಂಡ ಅರ್ಧದಲ್ಲೇ ನಿಂತಿತು. "ಏನ್ ಸಾರ್, ಸಂಡೆ ಆಡ್ತಿದಾರಾ?" ಸಂಡೆ ಎಂದರೆ ತಮಿಳಿನಲ್ಲಿ ಜಗಳ.

"ಛೆ ಛೆ, ಅಭಿರುಚಿ ಹಂಚ್ಕೋತಿದಾರೆ" ಎಂದೆ.

ವನಜ ನನ್ನ ಮೊಣಕೈ ತಿವಿದಳು. "ರೀ, ಹೋಗಿ ನೋಡಿ. ಅವಳು ನೋಡೋಣ ಅಂದಿರೋದು ಇದೊಂದೇ!"

ಹೋದೆ. ಇಬ್ಬರ ಮುಖವೂ ಕೆಂಪಾಗಿತ್ತು. ಮಗಳು ಬಾಗಿಲಿಗೆ ಕೈಯಿಟ್ಟು, "ಅಪ್ಪಾ, ಇದು ಸರಿಪಟ್ಟು ವರಾದು" ಎಂದಳು. ಹೊಂದುವುದಿಲ್ಲ ಎಂಬ ಅಂತಿಮ ತೀರ್ಪು. ಮುಂದಿನ ಕ್ಷಣ ಅವಳು ಒಳಗೆ ಬಂದು ಅದನ್ನೇ ಎಲ್ಲರೆದುರು ಹೇಳುವವಳಿದ್ದಳು. ವಿಮಾ ಕಚೇರಿಯಲ್ಲಿ ಬೆಂಕಿ, ಪ್ರವಾಹ ಎರಡರ ಕ್ಲೇಮುಗಳನ್ನೂ ನಿಭಾಯಿಸಿದ ಅನುಭವಿ ನಾನು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಅಲ್ಲಮ್ಮಾ, ಎಲ್ಲದರಲ್ಲೂ ಬೀಳೋದು ಅದೇ ಅಕ್ಷರ ತಾನೇ?"

ಇಬ್ಬರೂ ನನ್ನ ಕಡೆ ತಿರುಗಿದರು. ಹುಡುಗ ಬಹಳ ಮೆಲ್ಲಗೆ, ರೋಗಿಯನ್ನು ವಿಚಾರಿಸುವಂತೆ ಕೇಳಿದ: "ಅಂಕಲ್, ನೀವು ಯಾವುದರಲ್ಲಿ ಬರೀತೀರಿ?"

"ನಾನು ಇ-ಮೇಲ್ ತೆಗೆದು ಅದರಲ್ಲೇ ಬರೆದು ನನಗೇ ಕಳಿಸ್ಕೋತೀನಿ. ತಿದ್ದಬೇಕು ಅನ್ನಿಸಿದರೆ ತಿದ್ದಿ ಇನ್ನೊಂದು ಸಲ ಕಳಿಸ್ಕೋತೀನಿ."

"ಅಯ್ಯೋ ಪಾವಂ", ಅಂದರೆ ಪಾಪ, ಎಂದ ಹುಡುಗ. ನನ್ನ ಕಡೆಗಲ್ಲ, ನನ್ನ ಮಗಳ ಕಡೆಗೆ ತಿರುಗಿ.

"ಇದೇನು ಮಹಾ!" ಎಂದಳು ಅವಳು. "ಅಕ್ಷರ ಚಿಕ್ಕದಾಗಿ ಕಂಡ್ರೆ ಭೂತಗನ್ನಡಿ ತಂದು ಸ್ಕ್ರೀನಿಗೆ ಹಿಡೀತಾರೆ."

ಅವನು ನಕ್ಕ. ಅವಳೂ ನಕ್ಕಳು. ಅದುವರೆಗೆ ಒಂದೊಂದು ಗೋಡೆಗೆ ಮುಖ ಮಾಡಿ ನಿಂತಿದ್ದವರು ಈಗ ಒಂದೇ ಕಡೆ ನಿಂತು ನನ್ನನ್ನು ನೋಡುತ್ತಿದ್ದರು. ಒಳಗೆ ಬಂದಾಗ ಮಗಳು ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ಓಕೆ ಮಾ."

ಮದುವೆಯೂ ಆಯಿತು. ಈಗ ಭಾನುವಾರಗಳಂದು ನನ್ನ ಲ್ಯಾಪ್‌ಟಾಪನ್ನು ಉದ್ಧಾರ ಮಾಡಲು ಜೋಡಿಯಾಗಿ ಬರುತ್ತಾರೆ. ಒಂದು ವಾರ ಅಳಿಯ ಕೆಡಿಇ ಹಾಕಿ ಹೋದರೆ ಮುಂದಿನ ವಾರ ಮಗಳು ಅದನ್ನು ಕಿತ್ತು ಗ್ನೋಮ್ ಹಾಕುತ್ತಾಳೆ. ಈ ಗಲಾಟೆಯಲ್ಲಿ ನಾನು ಎರಡನ್ನೂ ಗುಟ್ಟಾಗಿ ಕಲಿತುಬಿಟ್ಟಿದ್ದೇನೆ. ಒಂದು ನಿಜಕ್ಕೂ ಹಿಡಿಸಿದೆ. ಯಾವುದು ಎಂದು ಇಲ್ಲಿಯೂ ಹೇಳಲಾರೆ. ಹೇಳಿದ ದಿನ ಒಬ್ಬರು ಗೆಲ್ಲುತ್ತಾರೆ, ಮತ್ತೆ ಆ ಬಾಲ್ಕನಿ ಬಾಗಿಲು ಕಿರ್ರೆನ್ನುತ್ತದೆ. ಅದಕ್ಕೇ ಅವರು ಬಂದ ಕೂಡಲೇ, "ಇದನ್ನು ಆಫ್ ಮಾಡೋದು ಎಲ್ಲಪ್ಪಾ?" ಎಂದು ಕೇಳುತ್ತೇನೆ. ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಡುತ್ತಾರೆ. ನನಗೆ ನೆಮ್ಮದಿಯಾಗುತ್ತದೆ.

ಈ ತ್ಯಾಗದ ಭಾರ ತಡೆಯಲಾರದೆ ಮೊನ್ನೆ ವನಜಳಿಗೆ ಹೇಳಿಕೊಂಡೆ. "ಮಗಳ ಸಂಸಾರಕ್ಕೋಸ್ಕರ ದಡ್ಡನ ಹಾಗೆ ನಟಿಸ್ತಾ ಇದೀನಿ ಕಣೇ."

ಅವಳು ಹುರುಳಿಕಾಯಿಯ ನಾರು ತೆಗೆಯುತ್ತಲೇ ಕೇಳಿದಳು: "ಹೌದಾ? ಯಾವಾಗಿಂದ ಶುರು ಮಾಡಿದ್ರಿ? ನನಗೆ ವ್ಯತ್ಯಾಸವೇ ಗೊತ್ತಾಗ್ಲಿಲ್ಲ."