ಸೊಳ್ಳೆಯ ವರದಿಯ ಮೇಲೆ ಮನುಷ್ಯನಿಗೆ ರಜೆ ಕೋರಿ

ಕಾನಹೊಸಹಳ್ಳಿ, ಜುಲೈ ೨೦೦೬

ಇಂದ:
ಯರ್ರೆಪ್ಪ, ಸೊಳ್ಳೆ ಹಿಡಿಯುವ ಸಿಬ್ಬಂದಿ
(ಬರೆದವರು: ಹೆಂಡತಿ ಪಕ್ಕೀರಮ್ಮ. ಅರ್ಜಿದಾರನ ಬೆರಳು ಪೆನ್ನು ಹಿಡಿಯುತ್ತಿಲ್ಲ.)

ಗೆ:
ಮೇಲಧಿಕಾರಿಗಳು, ಸಂಚಾರಿ ಸೊಳ್ಳೆ ಸಮೀಕ್ಷಾ ಘಟಕ, ಕೂಡ್ಲಿಗಿ

ವಿಷಯ: ಸೊಳ್ಳೆಯ ವರದಿಯನ್ನೇ ಅರ್ಜಿದಾರನ ವರದಿಯೆಂದು ಪರಿಗಣಿಸುವ ಬಗ್ಗೆ.

ಉಲ್ಲೇಖ: ಸೋಮವಾರ ಎಲ್ಲರೆದುರು ತಾವು ನೀಡಿದ ಮೌಖಿಕ ಆದೇಶ, "ನಾಟಕ ಸಾಕು ಮಾಡ್ರಿ".

ಮಾನ್ಯರೇ,

೧. ಊರೂರು ತಿರುಗಿ, ಪ್ಯಾಂಟು ಮಡಚಿ ಕೂತು, ಕಾಲಿಗೆ ಬಂದ ಸೊಳ್ಳೆಯನ್ನು ಕಚ್ಚುವ ಮೊದಲೇ ಕೊಳವೆಯಲ್ಲಿ ಹೀರಿ ಹಿಡಿಯುವುದು ಸದರಿ ಅರ್ಜಿದಾರನ ಕೆಲಸ. ಅದರಲ್ಲಿ ಚಿಕೂನ್‌ಗುನ್ಯ ವೈರಸ್ ಇದೆಯೇ ಎಂದು ಪ್ರಯೋಗಾಲಯದವರು ನೋಡುತ್ತಾರೆ.

೨. ಆದರೆ ಅರ್ಜಿದಾರ ಬುದ್ಧಿವಂತ. ಹೊಟ್ಟೆ ತುಂಬಿದ ಸೊಳ್ಳೆ ಸರಕ್ಕನೆ ಹಾರುವುದಿಲ್ಲ ಎಂದು ಕಂಡುಕೊಂಡು, ಕಚ್ಚಲು ಬಿಟ್ಟು ಆಮೇಲೆ ಹಿಡಿಯತೊಡಗಿದ. ಆ ಕಾರಣ ಘಟಕದಲ್ಲೇ ಅತಿ ಹೆಚ್ಚು ಸೊಳ್ಳೆ ಹಿಡಿದವನೆಂದು ತಾವು ಬೆನ್ನು ತಟ್ಟಿದ್ದೂ ಆಯಿತು. ಹಲವಾಗಲು ಗ್ರಾಮದ ಗುರುಬಸಮ್ಮ ಎಂಬ ಅಜ್ಜಿ ಮಾತ್ರ ಮನೆ ಮುಂದಿನ ಕಟ್ಟೆಯ ಮೇಲೆ ನಡೆದ ಈ ಉಪಚಾರ ನೋಡಿ, "ಸರ್ಕಾರ ನಿನಗ ಪಗಾರ ಕೊಡೋದು ಇವಕ್ಕ ಉಣ್ಸಾಕೇನಪ್ಪ?" ಎಂದು ಕೇಳಿದ್ದರು. ಅರ್ಜಿದಾರ ನಕ್ಕಿದ್ದ.

೩. ಆ ಸೊಳ್ಳೆಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ತಾನು ನಿಂತುಕೊಂಡು ತಂದ. ಅವುಗಳಲ್ಲಿ ವೈರಸ್ ಇದೆ ಎಂದು ಸೀಲು ಹಾಕಿದ ವರದಿ ಬಂದಿದೆ. ಅಷ್ಟರಲ್ಲಿ ಅರ್ಜಿದಾರನಿಗೂ ಜ್ವರ ಬಂದು ಕೀಲುಕೀಲು ಹಿಡಿದಿದೆ. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಬೇಕು.

೪. ರಜೆ ಕೇಳಿದರೆ ತಾವು ರಕ್ತದ ವರದಿ ತಾ ಎಂದಿರಿ. ಪ್ರಯೋಗಾಲಯದವರು ತಮ್ಮಲ್ಲಿ ಸೊಳ್ಳೆಗೆ ಮಾತ್ರ ಅವಕಾಶ, ಮನುಷ್ಯರಿಗಿಲ್ಲ ಎಂದರು. ವರದಿ ಇಲ್ಲದ ಕಾರಣ ರಜೆ ಇಲ್ಲ, ರಜೆ ಇಲ್ಲದ ಕಾರಣ ನಾಳೆ ತೆಲಿಗಿ ಗ್ರಾಮಕ್ಕೆ ಹೋಗಿ ಸೊಳ್ಳೆ ಹಿಡಿಯಲು ಕೂರಬೇಕು. ಕೂತರೆ ಏಳಲಾಗದು. ನೋವನ್ನಾದರೂ ತಡೆದುಕೊಂಡಾನು, ಎಲ್ಲರೆದುರು ಸುಳ್ಳುಗಾರ ಎನಿಸಿಕೊಂಡದ್ದನ್ನು ಅರ್ಜಿದಾರನಿಗೆ ತಡೆಯಲಾಗುತ್ತಿಲ್ಲ.

೫. ಆದ್ದರಿಂದ, ಸದರಿ ಸೊಳ್ಳೆಗಳ ಹೊಟ್ಟೆಯಲ್ಲಿದ್ದ ರಕ್ತ ಅರ್ಜಿದಾರನದೇ ಆದ ಕಾರಣ, ಅವುಗಳ ವರದಿಯನ್ನೇ ಅವನ ರಕ್ತದ ವರದಿಯೆಂದು ಒಪ್ಪಿ ರಜೆ ಮಂಜೂರು ಮಾಡಬೇಕು. ನಿಯಮ ಅಡ್ಡ ಬಂದರೆ, ಅರ್ಜಿದಾರನನ್ನೇ ಒಂದು ಸೊಳ್ಳೆಯೆಂದು ದಾಖಲಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಹಾಗೆ ಕಳಿಸುವಾಗ ಕಿಟಕಿ ಪಕ್ಕದ ಸೀಟು ಕೊಡಿಸಬೇಕಾಗಿ ವಿನಂತಿ.

ಬಾಗಿ ನಮಸ್ಕರಿಸಲು ಆಗದಿದ್ದರೂ
ತಮ್ಮ ವಿಶ್ವಾಸಿ,
ಯರ್ರೆಪ್ಪ
(ಹೆಬ್ಬೆಟ್ಟಿನ ಗುರುತು. ಅರ್ಜಿದಾರ ಅಕ್ಷರಸ್ಥ.)

ಲಗತ್ತುಗಳು:
ಅ) ಸೊಳ್ಳೆಗಳ ವರದಿಯ ನಕಲು.
ಆ) ಕೊಳವೆಯಲ್ಲಿ ಸೊಳ್ಳೆ, ಒಂದು. ಈ ಅರ್ಜಿ ಹೇಳಿ ಬರೆಸುವಾಗ ಅರ್ಜಿದಾರನ ಮಂಡಿಯ ಮೇಲೆ ಕೂತಿತ್ತು. ಅವನ ಕೈ ಏಳದ ಕಾರಣ ಪಕ್ಕೀರಮ್ಮ ಹಿಡಿದಿದ್ದಾರೆ, ಕಚ್ಚುವ ಮೊದಲೇ. ರಜೆಯ ಅವಧಿಗೆ ಬದಲಿ ಸಿಬ್ಬಂದಿ ಬೇಕಿದ್ದಲ್ಲಿ ತಿಳಿಸುವುದು.