ಶಬಾನಾ ಟೀಚರ ಪಾಠಯೋಜನೆ ಮತ್ತು ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಬೇಕು. ಪಕ್ಕದವರು ಮಹಡಿ ಕಟ್ಟಿಸಿದರೆಂದೋ, ಷಡ್ಡಕ ಕಾರು ಕೊಂಡನೆಂದೋ ಉರಿದುಕೊಂಡರೆ ಕೇಳಿದವರು ಅಯ್ಯೋ ಪಾಪ ಎಂದಾರು. ನಾನು ಉರಿದುಕೊಂಡದ್ದು ಪಾಠಯೋಜನೆಗೆ. ಇದನ್ನು ಹೆಂಡತಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅದನ್ನ ಯಾರರ ಓದತಾರೇನ್ರೀ?" ಎಂದು ಕೇಳಿದಳು.

ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ನನ್ನ ಹತ್ತೊಂಬತ್ತು ವರ್ಷಗಳ ನೌಕರಿ ನಡೆದಿತ್ತು. ಪಾಮನಕಲ್ಲೂರಿನ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಪ್ರತಿ ಜೂನ್‌ನಲ್ಲಿ ಹೊಸ ನೋಟ್‌ಬುಕ್ಕಿಗೆ ರಟ್ಟು ಹಾಕಿ, ಹಿಂದಿನ ವರ್ಷದ ಯೋಜನೆಯನ್ನು ದುಂಡಗಿನ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದೆ. ಬದಲಾಗುತ್ತಿದ್ದದ್ದು ತಾರೀಖು ಮಾತ್ರ. ಒಂದು ಸಲ ಅದನ್ನೂ ಬದಲಿಸುವುದು ಮರೆತು ಭಾನುವಾರ ಪಾಠ ಮಾಡಿದಂತಾಗಿತ್ತು. ಮುಖ್ಯಗುರುಗಳು ಅದಕ್ಕೂ ಸಹಿ ಹಾಕಿದ್ದರು. ಕೊನೆಯಲ್ಲಿ ‘ಶಿಕ್ಷಕರ ಸ್ವ-ಅವಲೋಕನ’ ಎಂಬ ಕಾಲಂ ಇರುತ್ತದೆ. ಅಲ್ಲಿ ವರ್ಷವಿಡೀ ನನ್ನದು ಒಂದೇ ವಾಕ್ಯ: ‘ಪಾಠ ಪರಿಣಾಮಕಾರಿಯಾಗಿತ್ತು.’

ಹೀಗೆ ಸುಖವಾಗಿದ್ದಾಗ ನಮ್ಮ ಶಾಲೆಗೆ ಶಬಾನಾ ಟೀಚರು ಬಂದರು. ಸಿಂಧನೂರಿನವರು, ಗಣಿತದವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರ ಪಾಠಯೋಜನೆಯೆಲ್ಲ ಫೋನಿನಲ್ಲಿ. ಬಿಡುವಿನ ಅವಧಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂರುತ್ತಿದ್ದರು. ಧಾರಾವಾಹಿ ನೋಡುತ್ತಾರೆಂದು ನಾನು ಬಹಳ ಸಂತೋಷಪಟ್ಟಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ನನ್ನ ಪಾಠಾನ ರೆಕಾರ್ಡ್ ಮಾಡಿ ಕೇಳಾಕತ್ತೀನ್ರಿ ಸರ್. ಎಲ್ಲಿ ತಪ್ಪೀನಿ ಅಂತ ಗೊತ್ತಾದ್ರ ನಾಳಿನ ಯೋಜನೆ ತಿದ್ದಾಕ ಬರತೈತಿ" ಎಂದರು.

"ತಪ್ಪು ಹುಡುಕಾಕ ಸಾಹೇಬ್ರು ಅದಾರಲ್ರೀ, ನೀವ್ಯಾಕ ತ್ರಾಸ ತಗೋತೀರಿ?" ಎಂದು ನಾನು ನಕ್ಕೆ. ಆ ನಗು ಲಿಂಗಸುಗೂರಿನ ಶಿಕ್ಷಕರ ಸಭೆಯವರೆಗೆ ಮಾತ್ರ ಉಳಿಯಿತು. ಅಲ್ಲಿ ತಮ್ಮ ವಿಧಾನವನ್ನು ತೋರಿಸಲು ಶಬಾನಾ ಟೀಚರಿಗೆ ಕರೆ ಬಂತು. "ನೀವು ಸೀನಿಯರ್ ಅದೀರಿ, ಪ್ರೊಜೆಕ್ಟರ್ ಜ್ವಾಕಿಲೆ ಒಯ್ರಿ" ಎಂದು ಮುಖ್ಯಗುರುಗಳು ನನ್ನನ್ನು ಜೊತೆಗೆ ಕಳಿಸಿದರು. ಟೀಚರಿಗೆ ಚಪ್ಪಾಳೆಯ ಮೇಲೆ ಚಪ್ಪಾಳೆ. ನಾನು ವೈರು ಸುತ್ತುತ್ತಿದ್ದಾಗ ದಢೇಸುಗೂರಿನ ಮಾಸ್ತರರೊಬ್ಬರು ಹತ್ತಿರ ಬಂದು, "ಈ ಪ್ರೊಜೆಕ್ಟರ್ ರಿಪೇರಿ ಮಾಡವ್ರು ನೀವೇನ್ರಿ?" ಎಂದು ವಿಚಾರಿಸಿದರು. ಅವತ್ತು ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸೇಡು ತೀರಿಸಿಕೊಳ್ಳಲು ನಾನೂ ತಂತ್ರಜ್ಞಾನದ ಮೊರೆ ಹೋದೆ. ಫೋನಿಗೆ ಎಐ ಆಪ್ ಹಾಕಿಸಿಕೊಂಡು, ಒಂಬತ್ತನೇ ತರಗತಿಗೆ ಚಲನೆಯ ನಿಯಮಗಳ ಪಾಠಯೋಜನೆ ಬೇಕೆಂದೆ. ಅರ್ಧ ನಿಮಿಷದಲ್ಲಿ ನಾಲ್ಕು ಪುಟ! ನಕಲು ಮಾಡುವುದು ರಕ್ತದಲ್ಲಿಯೇ ಇದ್ದುದರಿಂದ ಒಂದಕ್ಷರವನ್ನೂ ಬದಲಿಸಲಿಲ್ಲ. ಮರುದಿನ ಫೋನನ್ನು ರೆಕಾರ್ಡಿಗೆ ಹಚ್ಚಿ ಮೇಜಿನ ಮೇಲಿಟ್ಟು, ಗತ್ತಿನಿಂದ ಶುರು ಮಾಡಿದೆ: "ನೀವೆಲ್ಲ ದಿನಾ ಓಡಾಡುವ ಮೆಟ್ರೋ ರೈಲಿನ ವೇಗ..." ತರಗತಿ ಕಣ್ಣು ಪಿಳುಕಿಸಿತು. ಮುಂದಿನ ಬೆಂಚಿನ ರೇಣುಕಾ ಎದ್ದು ನಿಂತು, "ಸರ್, ಅದು ಮಸ್ಕಿ ಮ್ಯಾಲೆ ಹಾದು ಹೋಗತೈತೇನ್ರೀ?" ಎಂದಳು. ಹುಡುಗರು ಬೆಂಚು ಬಡಿದು ನಕ್ಕರು.

ಸಂಜೆ ಮಸ್ಕಿಯ ಬಸ್ಸಿನಲ್ಲಿ ಕೂತು, ನಾನೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರೆಕಾರ್ಡಿಂಗ್ ಹಚ್ಚಿದೆ. ಮೊದಲ ಆಘಾತ ನನ್ನ ದನಿಯದು. ಸಂತೆಯಲ್ಲಿ ಈರುಳ್ಳಿ ಮಾರುವವನ ಕೂಗಿನಂತಿತ್ತು. "ತಿಳೀತಿಲ್ಲೋ?" ಎಂದು ನಾನು, "ತಿಳೀತ್ರೀ ಸರ್" ಎಂದು ಅವರು. ಇಪ್ಪತ್ತೇಳರವರೆಗೆ ಎಣಿಸಿ ಬಿಟ್ಟುಬಿಟ್ಟೆ. ಅಷ್ಟರಲ್ಲಿ ಮತ್ತೆ ರೇಣುಕಾಳ ದನಿ: "ಸರ್, ಬಸ್ ಗಪ್ಪನ ನಿಂತ್ರ ನಾವ್ಯಾಕ ಮುಂದ ಬೀಳತೀವ್ರೀ?" ಅದರ ಬೆನ್ನಿಗೇ ನನ್ನದು: "ಕೂಡಬೇ, ಪೋರ್ಷನ್ ಮುಗೀಬೇಕು."

ಅವಳು ಹಾಗೆ ಕೇಳಿದ್ದು ನನಗೆ ನೆನಪೇ ಇರಲಿಲ್ಲ. ಅವತ್ತು ನಾನು ಹೇಳಬೇಕಿದ್ದ ಪಾಠವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಇನ್ನೆಷ್ಟು ಮಕ್ಕಳನ್ನು ಹೀಗೆ ಕೂರಿಸಿದೆನೋ ಎಂದು ಯೋಚಿಸಿ, ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡೆ.

ಮರುದಿನ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳು ಎಂದರೆ ರೇಣುಕಾ ಹೆದರಿ ನಿಂತಳು. "ತಪ್ಪಾತ್ರೀ ಸರ್. ಇನ್ನ ಕೇಳಂಗಿಲ್ರೀ."

"ತಪ್ಪು ನಂದವ್ವಾ. ನೀ ಕೇಳು" ಎಂದೆ. ಆಮೇಲೆ ಬೆಂಚುಗಳು ಬಸ್ಸಾದವು, ರೇಣುಕಾ ಡ್ರೈವರಾದಳು, ಉಳಿದವರು ಬೀಳುವ ಪ್ರಯಾಣಿಕರಾದರು. ಡ್ರೈವರ್ ಸರಿ ಇಲ್ಲದ್ದಕ್ಕೇ ಬೀಳುತ್ತೇವೆಂದು ಒಬ್ಬ; ಕಾಲು ಬಸ್ಸಿನ ಜೊತೆ ನಿಂತರೂ ಮೈಗೆ ಸುದ್ದಿ ತಡವಾಗಿ ಮುಟ್ಟುತ್ತದೆಂದು ಇನ್ನೊಬ್ಬಳು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಪಾಠ ಮಾಡುವುದಕ್ಕಿಂತ ಅದೇ ಹೆಚ್ಚು ದಣಿವು. ಪೋರ್ಷನ್ ಮುಗಿಯಲಿಲ್ಲ. ಸ್ವ-ಅವಲೋಕನದ ಕಾಲಂನಲ್ಲಿ ಬರೆದೆ: ‘ನಿನ್ನೆಯ ಪಾಠ ಕೆಟ್ಟಿತು. ಕೆಡಿಸಿದವನು ನಾನು. ರೇಣುಕಾಳ ಪ್ರಶ್ನೆಯಿಂದ ಶುರು ಮಾಡಬೇಕಿತ್ತು.’

ಮುಖ್ಯಗುರುಗಳು ನನ್ನ ಪುಸ್ತಕವನ್ನು ಮೊಟ್ಟಮೊದಲ ಬಾರಿಗೆ ಓದಿ ಗಾಬರಿಯಾದರು. "ಏನ್ರೀ ಇದು? ಸಾಹೇಬ್ರು ನೋಡಿದ್ರ ಏನ್ ಗತಿ? ಸುಮ್ಮನ ಪರಿಣಾಮಕಾರಿ ಅಂತ ಬರೀರಿ." ಶಬಾನಾ ಟೀಚರು ಮಾತ್ರ ಅದನ್ನು ಎರಡು ಸಲ ಓದಿ, ನನ್ನನ್ನು ಕೇಳಿ ಫೋಟೋ ತೆಗೆದುಕೊಂಡರು. ಲಿಂಗಸುಗೂರಿನ ಮುಂದಿನ ಸಭೆಯಲ್ಲಿ ಆ ಪುಟವನ್ನೇ ಪರದೆಯ ಮೇಲೆ ತೋರಿಸಿ, ನನ್ನ ಹೆಸರು ಹೇಳಿ ಎಬ್ಬಿಸಿ ನಿಲ್ಲಿಸಿದರು. ಚಪ್ಪಾಳೆ ಬಿತ್ತು. ಹೋದ ಸಲ ಅವರಿಗೆ ಬಿದ್ದದ್ದಕ್ಕಿಂತ ತುಸು ಹೆಚ್ಚೇ ಬಿತ್ತು. ಇಂಥ ಲೆಕ್ಕದಲ್ಲಿ ನಾನು ತಪ್ಪುವವನಲ್ಲ.

ಮರಳಿ ಬರುವ ಬಸ್ಸಿನಲ್ಲಿ ಓರೆಗಣ್ಣಿನಿಂದ ಅವರ ಮುಖವನ್ನು ಪರೀಕ್ಷಿಸಿದೆ. ಎಲ್ಲಾದರೂ ಒಂದಿಷ್ಟು ಬಾಡಿರಬೇಕಲ್ಲ? ಅವರು ನನ್ನತ್ತ ಶೇಂಗಾದ ಪೊಟ್ಟಣ ಚಾಚಿ, "ನನಗಿಂತ ನಿಮಗ ಜಾಸ್ತಿ ಚಪ್ಪಾಳಿ ಬಿದ್ವು ಸರ್. ನನಗ ಭಾಳ ಖುಷಿ ಆತ್ರೀ" ಎಂದರು. ಹುಡುಕಿ ಹುಡುಕಿ ನೋಡಿದೆ, ನಿಜವಾಗಿಯೂ ಖುಷಿಯಾಗಿತ್ತು. ಇನ್ನೊಬ್ಬರ ಚಪ್ಪಾಳೆಗೆ ಹೀಗೆ ಹಿಗ್ಗುವ ವಿದ್ಯೆಯನ್ನು ಈಕೆ ಎಲ್ಲಿ ಕಲಿತರೋ! ಮಸ್ಕಿ ಬರುವವರೆಗೂ ಶೇಂಗಾ ತಿನ್ನುತ್ತ, ಅದಕ್ಕೇ ಹೊಟ್ಟೆ ಉರಿದುಕೊಂಡು ಕೂತಿದ್ದೆ.