ಊಟಿಯಲ್ಲಿ ಸೋಲಲು ಪಟ್ಟ ಪಾಡು

ಗಂಭೀರವಾಗಿರಬೇಕೆಂದು ನಾನು ನಿಶ್ಚಯಿಸಿದ ದಿನವೇ ಏನಾದರೊಂದು ನಗೆಪಾಟಲು ಆಗಿಯೇ ಆಗುತ್ತದೆ. ಇದು ನನಗೆ ದೇವರು ಕೊಟ್ಟದ್ದು. ಯುದ್ಧಕಾಲದ ಒಂದು ಬೇಸಿಗೆಯಲ್ಲಂತೂ ಕೈತುಂಬ ಕೊಟ್ಟ.

ನಾಲ್ಕನೆಯವನು

ಆಗ ನಾನು ಮಂಡ್ಯದಲ್ಲಿ ನಾಲೆ ಕಚೇರಿಯ ಗುಮಾಸ್ತ. ನಮ್ಮ ಸಾಹೇಬರಿಗೆ ಟೆನ್ನಿಸ್ ಹುಚ್ಚು. ಆಟಕ್ಕೆ ನಾಲ್ವರು ಬೇಕು, ಇದ್ದವರು ಮೂವರು. ಚಿನ್ನಿದಾಂಡು ಆಡಿದ್ದೀಯಾ ಎಂದು ಕೇಳಿದರು. ಊರಲ್ಲಿ ಬೇಕಾದಷ್ಟು ಆಡಿದ್ದೇನೆ ಎಂದೆ. ಬ್ಯಾಟು ಕೈಗೆ ಬಂತು. ಮೊದಲ ದಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಪೂರ್ವಕ್ಕೆ ತಿರುಗಿ ಕೈಮುಗಿದು ನಿಂತೆ. ಕಣ್ಣು ಬಿಡುವಷ್ಟರಲ್ಲಿ ಎದುರಿನವರಿಗೆ ಎರಡು ಪಾಯಿಂಟು ಆಗಿತ್ತು. ನಾಳೆಯಿಂದ ಪೂಜೆಯನ್ನು ಮನೆಯಲ್ಲೇ ಮುಗಿಸಿಕೊಂಡು ಬಾ ಎಂದರು ಸಾಹೇಬರು.

ತೆಳು ಗಾಳಿ

ಬೇಸಿಗೆಗೆ ಸಾಹೇಬರು ಊಟಿಗೆ ಹೊರಟರು. ಜೊತೆಗೆ ಕಚೇರಿಯ ಕಡತಗಳು, ಅವುಗಳ ಹಿಂದೆ ನಾನು. ಮದುವೆಯಾಗಿ ಒಂದು ವರ್ಷ. ಹೆಂಡತಿ ಬಸುರಿ, ಮಳವಳ್ಳಿಯ ತವರಿನಲ್ಲಿದ್ದಳು. ಊಟಿಯ ಚಳಿಯಲ್ಲಿ ಎಲ್ಲರೂ ಕಂಬಳಿ ಹುಡುಕಿದರೆ ನನ್ನ ಮನಸ್ಸು ಮಳವಳ್ಳಿಯ ಬಿಸಿಲನ್ನು ಹುಡುಕುತ್ತಿತ್ತು.

ಬೆಟ್ಟದ ಮೇಲೆ ಗಾಳಿ ತೆಳು. ಮಂಡ್ಯದಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಹೊಡೆತ ಅಲ್ಲಿ ಬೇಲಿ ದಾಟಿ ಪಕ್ಕದ ಕೋಸಿನ ಪಾತಿಗೆ ಬೀಳುತ್ತಿತ್ತು. ಯುದ್ಧದಿಂದಾಗಿ ಚೆಂಡಿಗೂ ಬರ, ಹುಡುಕಲೇಬೇಕು. ಆ ಪಾತಿಯಿಂದ ಮೈಸೂರಿನ ಬಸ್ಸು ಇಳಿದುಹೋಗುವ ರಸ್ತೆ ಕಾಣುತ್ತಿತ್ತು. ಚೆಂಡು ಸಿಕ್ಕಿದರೂ ಕೈಯಲ್ಲಿ ಹಿಡಿದು ಬಸ್ಸು ಮರೆಯಾಗುವವರೆಗೂ ಕೂತಿರುತ್ತಿದ್ದೆ. ಒಂದು ದಿನ ಸಾಹೇಬರೇ ಬೇಲಿಯ ಹತ್ತಿರ ಬಂದರು.

"ಚೆಂಡು ಹೋಗೋದಕ್ಕೆ ಗಾಳಿ ತೆಳು, ಒಪ್ಪಿದೆ. ನೀನು ವಾಪಸ್ ಬರದೇ ಇರೋದಕ್ಕೂ ಗಾಳಿಯೇ ಕಾರಣವೇನಯ್ಯ?"

ಸೋಲಿನ ಹರಕೆ

ಮಾವನವರ ಕಾಗದ ಬಂತು. ಶುಕ್ರವಾರ ಸೀಮಂತ, ಹಸೆಮಣೆಯ ಮೇಲೆ ಮಗಳ ಪಕ್ಕದಲ್ಲಿ ನೀವು ಕೂರಬೇಕು, ತಪ್ಪದೆ ಬನ್ನಿ ಎಂದಿತ್ತು. ರಜಾ ಕೇಳಿದೆ. ಊಟಿಯಲ್ಲಿ ಆ ವಾರ ಪಂದ್ಯಗಳು, ಸಾಹೇಬರಿಗೆ ಜೋಡಿ ನಾನೇ. ಸೋತ ದಿನವೇ ಹೊರಡು ಎಂದರು ಸಾಹೇಬರು.

ಸೋಲುವುದು ನನಗೇನು ಕಷ್ಟ. ಆದರೆ ಬೇಕೆಂದೇ ತಪ್ಪಾಡಿದರೆ ಅನ್ನ ಕೊಟ್ಟವರಿಗೆ ದ್ರೋಹವಾಗುತ್ತದೆ. ಆದ್ದರಿಂದ ಸೋಲಿಸುವ ಭಾರವನ್ನು ಮುತ್ತತ್ತಿಯ ಆಂಜನೇಯನ ಮೇಲೆ ಹಾಕಿ, ಹರಕೆ ಹೊತ್ತು, ನನ್ನ ಶಕ್ತಿಯನ್ನೆಲ್ಲ ಕೂಡಿಸಿ ಹೊಡೆದೆ. ಹೇಗೂ ಚೆಂಡು ಬೇಲಿ ದಾಟುತ್ತದಲ್ಲ. ಅವತ್ತೇ ಮಂಜು ಕವಿಯಬೇಕೇ. ಚೆಂಡು ನೆನೆದು ಭಾರವಾಗಿ, ಹೊಡೆದ ಹೊಡೆತವೆಲ್ಲ ಗೆರೆಯ ಒಳಗೇ ಬಿತ್ತು. ಬುಧವಾರ ಗೆದ್ದೆವು. ಗುರುವಾರವೂ ಮಂಜು, ಗುರುವಾರವೂ ಗೆದ್ದೆವು. ಕೊನೆಯ ಪಂದ್ಯ ಶುಕ್ರವಾರ.

ಈ ಬಲ ಎಲ್ಲಿತ್ತು ಎಂದು ಸಾಹೇಬರು ಬೆನ್ನು ತಟ್ಟಿದರು. ಮುತ್ತತ್ತಿರಾಯನ ದಯೆ ಎಂದೆ ಸಣ್ಣ ದನಿಯಲ್ಲಿ. ಗೆಲ್ಲಿಸಪ್ಪಾ ಎಂದು ತಾವೂ ಅವನಿಗೇ ಹರಕೆ ಹೊತ್ತಿರುವುದಾಗಿ ಹೇಳಿದರು. ದೇವರ ಕಚೇರಿಯಲ್ಲೂ ಸಾಹೇಬರ ಅರ್ಜಿಯೇ ಮೊದಲು ತೀರ್ಮಾನವಾಗುತ್ತದೆಂದು ಅವತ್ತು ತಿಳಿಯಿತು.

ಹಸೆಮಣೆ

ಶುಕ್ರವಾರ ಚೆನ್ನಾಗಿ ಬಿಸಿಲು ಬಂತು. ಚೆಂಡೆಲ್ಲ ಕೋಸಿನ ಪಾತಿಗೆ ಹೋಗಿ, ಸೋತೆವು. ಏನು ಪ್ರಯೋಜನ, ಅಷ್ಟು ಹೊತ್ತಿಗೆ ಮಳವಳ್ಳಿಯಲ್ಲಿ ಮುಹೂರ್ತ ಕಳೆದಿತ್ತು. ಮಾರನೆಯ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆಂಡತಿ ಬಾಗಿಲ ಕಡೆ ನೋಡುತ್ತ ಒಬ್ಬಳೇ ಕೂತಂತೆ ಕಣ್ಣಿಗೆ ಕಟ್ಟುತ್ತಿತ್ತು.

ಅವಳು ಒಬ್ಬಳೇ ಕೂತಿರಲಿಲ್ಲ. ಮಣೆ ಬರಿದಾಗಿರಬಾರದು, ಗಂಡನದೊಂದು ವಸ್ತು ಇಡಿ ಎಂದರಂತೆ ಹಿರಿಯರು. ಆ ಮನೆಯಲ್ಲಿ ನನ್ನದೆಂದು ಇದ್ದದ್ದು ಹಿಂದೊಮ್ಮೆ ಬಿಟ್ಟುಬಂದಿದ್ದ, ತಂತಿ ಹರಿದ ಒಂದು ಹಳೆಯ ಟೆನ್ನಿಸ್ ಬ್ಯಾಟು. ಅದಕ್ಕೇ ಪೇಟ ಸುತ್ತಿ, ಶಲ್ಯ ಹೊದಿಸಿ, ಕುಂಕುಮವಿಟ್ಟು ಆರತಿ ಎತ್ತಿದ್ದರು. ಕಣ್ಣು ಮಂಜಾಗಿದ್ದ ಅಜ್ಜಿ ಶಲ್ಯ ಸವರಿ, "ಅಳೀಮಯ್ಯ ಯಾಕಿಂಗೆ ಸೊರಗವ್ನೆ, ಊಟಿಲಿ ರಾಗಿ ಇಟ್ಟು ಸಿಕ್ಕಾಕಿಲ್ವಾ" ಎಂದು ಕಣ್ಣೀರು ಹಾಕಿದರಂತೆ.

ಒಳಗೆ ಹೋಗಿ ಹೆಂಡತಿಯ ಮುಂದೆ ತಲೆತಗ್ಗಿಸಿ ನಿಂತು, ತಪ್ಪಾಯಿತು ಎಂದೆ. ಅವಳು ಕೈಯ ಹಸಿರು ಬಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದಳು.

"ಬುಡಿ," ಎಂದಳು. "ಮದುವೆಯಾದಾಗಿಂದ ನನ್ ಪಕ್ಕದಲ್ಲಿ ಅಷ್ಟೊತ್ತು ಕುಂತಿದ್ದು ಆ ಬ್ಯಾಟೊಂದೇಯ."